ಯಾರ ಗಡಿಯಾರದಲ್ಲಿ ಎರಡು ಗಂಟೆ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಬೆಳಗಾವಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ಇಂದಿನ ಕಾರ್ಯಕ್ರಮ ಬೆಳಿಗ್ಗೆ ಹತ್ತು ಗಂಟೆಗೆ ಎಂದು ಅಚ್ಚಾಗಿದೆ. ನಾನು ಒಂಬತ್ತೂ ಐವತ್ತಕ್ಕೆ ಬಂದೆ. ಆಗ ಈ ಸಭಾಂಗಣದಲ್ಲಿ ಇದ್ದವರು ಕುರ್ಚಿ ಹಾಕುವ ಇಬ್ಬರು ಹುಡುಗರು, ಮೈಕಿನವನೊಬ್ಬ, ಮತ್ತು ನಾನು. ಕಾರ್ಯಕ್ರಮ ಆರಂಭವಾದದ್ದು ಹತ್ತೂ ಐವತ್ತಕ್ಕೆ. ದೂರುತ್ತಿದ್ದೇನೆ ಎಂದು ತಿಳಿಯಬೇಡಿ. ಸಮಯಪಾಲನೆಯ ಬಗ್ಗೆ ಮಾತಾಡಿರೆಂದು ಕರೆದವರು ಮೊದಲ ಉದಾಹರಣೆಯನ್ನೂ ತಾವೇ ಒದಗಿಸಿಕೊಟ್ಟಿದ್ದಾರೆ; ಅದಕ್ಕಾಗಿ ಕೃತಜ್ಞ.

ಸಮಯಪಾಲನೆ ಎಂದ ಕೂಡಲೇ ಸರ್ ಎಂ. ವಿಶ್ವೇಶ್ವರಯ್ಯನವರ ಕೈಗಡಿಯಾರದ ಕಥೆ ಬರುತ್ತದೆಂದು ನೀವು ಕಾಯುತ್ತಿರಬಹುದು. ಅದನ್ನು ಹೇಳದ ಮೇಷ್ಟ್ರು ನಮ್ಮ ರಾಜ್ಯದಲ್ಲಿ ಇಲ್ಲ. ನಾನೂ ಇಪ್ಪತ್ತು ವರ್ಷ ಹೇಳಿದ್ದೇನೆ. ಇಂದು ಹೇಳುವುದಿಲ್ಲ. ಬದಲಿಗೆ, ಒಂದು ದೇಶದಲ್ಲಿ ನನ್ನ ಮೊಟ್ಟಮೊದಲ ಪಾಠಕ್ಕೇ ನಾನು ಆರು ತಾಸು ತಡವಾಗಿ ಹೋದ ಸಂಗತಿ ಹೇಳುತ್ತೇನೆ.

ಅದಕ್ಕೆ ಮುಂಚೆ ನನ್ನ ಪರಿಚಯ ಒಂದಿಷ್ಟು ಬೇಕು. ೧೯೮೯ರಿಂದ ಒಂಬತ್ತು ವರ್ಷ ನಾನು ಖಾನಾಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದೆ. ಅಲ್ಲಿ ನನಗೊಂದು ಅಡ್ಡಹೆಸರಿತ್ತು, ‘ಹತ್ತೂಹತ್ತರ ಸರ್’ ಅಂತ. ಪ್ರಾರ್ಥನೆ ಹತ್ತಕ್ಕೆ. ಹತ್ತೂ ಹತ್ತಕ್ಕೆ ಸರಿಯಾಗಿ ನಾನೇ ಹೋಗಿ ಗೇಟಿನ ಚಿಲಕ ಹಾಕುತ್ತಿದ್ದೆ. ಆಮೇಲೆ ಬಂದವರು ಮೊದಲ ತಾಸು ಹೊರಗೆ ನಿಲ್ಲಬೇಕು. ನೌಕರಿ ಸಿಕ್ಕಾಗ ತಂದೆ ಕೊಡಿಸಿದ ಎಚ್.ಎಂ.ಟಿ. ವಾಚು ನನ್ನ ಕೈಯಲ್ಲಿ ಇರುತ್ತಿತ್ತು. ಅದರ ಗಾಜನ್ನು ಬೆರಳಿನಿಂದ ಕುಟ್ಟಿ ತೋರಿಸಿ “ಯಾಕ ತಡಾ?” ಎನ್ನುತ್ತಿದ್ದೆ. ಪಾಲಕರು ಮೆಚ್ಚುತ್ತಿದ್ದರು, ಪರೀಕ್ಷೆಯ ಫಲಿತಾಂಶವೂ ಚೆನ್ನಾಗಿ ಬರುತ್ತಿತ್ತು. ಈ ಗೇಟಿನ ವಿಷಯಕ್ಕೆ ಮತ್ತೆ ಬರುತ್ತೇನೆ, ನೆನಪಿರಲಿ.

ಆಮೇಲೆ ಬೆಳಗಾವಿಯ ಕಾಲೇಜೊಂದರಲ್ಲಿ ಕೆಲಸ ಮಾಡಿ, ೨೦೦೭ರಲ್ಲಿ ಇಥಿಯೋಪಿಯಕ್ಕೆ ಹೋದೆ. ಭಾರತದ ಶಿಕ್ಷಕರಿಗೆ ಆ ದೇಶ ಹೊಸದೇನಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯವರ ಕಾಲದಲ್ಲಿಯೇ ನಮ್ಮವರು, ಅದರಲ್ಲೂ ಕೇರಳದವರು, ಅಲ್ಲಿಯ ಹಳ್ಳಿಹಳ್ಳಿಗಳ ಶಾಲೆಗಳಲ್ಲಿ ಪಾಠ ಹೇಳಿದ್ದಾರೆ. ಎರಡು ಸಾವಿರದ ದಶಕದಲ್ಲಿ ಅಲ್ಲಿಯ ಸರಕಾರ ಒಂದರ ಹಿಂದೊಂದು ಹೊಸ ವಿಶ್ವವಿದ್ಯಾಲಯಗಳನ್ನು ತೆರೆದಾಗ ಎರಡನೇ ಅಲೆ ಹೋಯಿತು. ನಾನು ಆ ಅಲೆಯಲ್ಲಿದ್ದೆ. ನನಗೆ ಸಿಕ್ಕಿದ್ದು ದೇಶದ ಪೂರ್ವಕ್ಕಿರುವ ಹರಾರ್ ಪಟ್ಟಣದ ಸಮೀಪದ ಒಂದು ಸಂಸ್ಥೆ. ಹರಾರ್ ಗುಡ್ಡದ ಮೇಲಿನ ಊರು, ಸುತ್ತ ಹಳೆಯ ಕೋಟೆಗೋಡೆ, ಒಳಗೆ ಕಿರಿದಾದ ಓಣಿಗಳು ಮತ್ತು ಹೆಜ್ಜೆಗೊಂದು ಮಸೀದಿ. ೨೦೦೬ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹವೆ ನಮ್ಮ ಬೆಳಗಾವಿಯನ್ನು ನೆನಪಿಸುವಂತಿತ್ತು. ಅಷ್ಟಕ್ಕೇ ಅದು ನನ್ನ ಊರು ಎನಿಸಿಬಿಟ್ಟಿತು.

ನಾನು ತಲುಪಿದ ಮೊದಲ ವಾರಗಳಲ್ಲೇ ಅಲ್ಲಿ ದೊಡ್ಡ ಹಬ್ಬ. ಏನೆಂದರೆ, ಎರಡು ಸಾವಿರದ ಇಸವಿ ಹುಟ್ಟಿತು! ನಗಬೇಡಿ. ಅವರ ಪಂಚಾಂಗ ನಮ್ಮ ಇಸವಿಗಿಂತ ಏಳೆಂಟು ವರ್ಷ ಹಿಂದೆ. ವರ್ಷಕ್ಕೆ ಹದಿಮೂರು ತಿಂಗಳು: ಮೂವತ್ತು ದಿನಗಳವು ಹನ್ನೆರಡು, ಕೊನೆಗೆ ಐದೋ ಆರೋ ದಿನಗಳ ಪುಟ್ಟದೊಂದು. ನಮ್ಮ ೨೦೦೭ರ ಸೆಪ್ಟೆಂಬರ್ ೧೨ ಅವರ ಹೊಸ ಸಹಸ್ರಮಾನದ ಮೊದಲ ದಿನ. ಅದೇ ವಾರ ರಂಜಾನ್ ಕೂಡ ಆರಂಭವಾಯಿತು. ಎರಡು ಸಾವಿರದ ಇಸವಿಯನ್ನು ಒಮ್ಮೆ ಬೆಳಗಾವಿಯಲ್ಲಿ, ಇನ್ನೊಮ್ಮೆ ಹರಾರಿನಲ್ಲಿ, ಎರಡು ಸಲ ಕಂಡವನು ನಾನು. ಇಷ್ಟೆಲ್ಲ ಕಣ್ಣಾರೆ ನೋಡಿದ ಮೇಲೂ ನನ್ನ ವಾಚಿನ ಮೇಲೆ ನನಗೆ ಸಂಶಯ ಬರಲಿಲ್ಲ, ನೋಡಿ.

ವೇಳಾಪಟ್ಟಿಯಲ್ಲಿ ನನ್ನ ಪಾಠ ‘೨:೦೦’ ಎಂದಿತ್ತು. ಮಧ್ಯಾಹ್ನ ಒಂದೂ ಮುಕ್ಕಾಲಿಗೇ ಕೋಣೆಗೆ ಹೋದೆ. ಯಾರೂ ಇಲ್ಲ. ಎರಡು ಹೊಡೆಯಿತು, ಎರಡೂ ಕಾಲಾಯಿತು. ಹೊಸ ದೇಶದ ಹುಡುಗರ ಶಿಸ್ತಿನ ಬಗ್ಗೆ ಮನಸ್ಸಿನಲ್ಲೇ ಒಂದು ಭಾಷಣ ಸಿದ್ಧವಾಗುತ್ತಿದ್ದಾಗ ಒಬ್ಬ ತೆಳ್ಳನೆಯ ಹುಡುಗ ಬಾಗಿಲಲ್ಲಿ ಬಂದು ನಿಂತ. ತಾನು ತರಗತಿಯ ಪ್ರತಿನಿಧಿ ಎಂದ. ಬೆಳಿಗ್ಗೆ ಇಡೀ ತರಗತಿ ಬಂದು ಕುಳಿತಿತ್ತು, ಒಂದು ತಾಸು ಕಾಯ್ದು ಎದ್ದು ಹೋಯಿತು ಎಂದ.

“ನಿಮ್ಮ ಗಡಿಯಾರದಲ್ಲಿ ನೀವು ಮುಂಚಿತವಾಗಿಯೇ ಬಂದಿದ್ದೀರಿ ಸರ್. ನಮ್ಮದರಲ್ಲಿ...” ಎಂದವನು ಮಾತು ಮುಗಿಸಲಿಲ್ಲ, ಕೆಳಗೆ ನೋಡಿದ.

ಸಂಗತಿ ಇಷ್ಟೆ. ಇಥಿಯೋಪಿಯದಲ್ಲಿ ದಿನ ಶುರುವಾಗುವುದು ನಡುರಾತ್ರಿಗಲ್ಲ, ಬೆಳಕು ಹರಿದಾಗ. ನಮ್ಮ ಬೆಳಗಿನ ಆರು ಅವರಿಗೆ ಹನ್ನೆರಡು. ನಮ್ಮ ಏಳು ಅವರಿಗೆ ಒಂದು, ಎಂಟು ಅವರಿಗೆ ಎರಡು. ಸಂಜೆ ಆರಕ್ಕೆ ಮತ್ತೆ ಹನ್ನೆರಡಾಗಿ ರಾತ್ರಿಯ ಎಣಿಕೆ ಶುರು. ಭೂಮಧ್ಯರೇಖೆಗೆ ಹತ್ತಿರದ ದೇಶವಾದ್ದರಿಂದ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹುಟ್ಟಿ ಅದೇ ಹೊತ್ತಿಗೆ ಮುಳುಗುತ್ತಾನೆ. ಆದ್ದರಿಂದ ಈ ಎಣಿಕೆ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಹೊತ್ತು ಹುಟ್ಟಿ ಎರಡು ತಾಸಾದರೆ ಅದು ಎರಡು ಗಂಟೆ. ಯೋಚಿಸಿದರೆ ನಮ್ಮ ಲೆಕ್ಕಕ್ಕಿಂತ ಅದೇ ಸರಳ. ಕೀನ್ಯ, ತಾಂಜಾನಿಯಗಳ ಸ್ವಾಹಿಲಿ ಮಾತಿನಲ್ಲೂ ಇದೇ ಎಣಿಕೆ. ಅಷ್ಟೇಕೆ, ಕಳೆದ ಶತಮಾನದ ಮಧ್ಯಭಾಗದವರೆಗೂ ಸೌದಿ ಅರೇಬಿಯದಲ್ಲಿ ಸೂರ್ಯ ಮುಳುಗಿದಾಗ ಹನ್ನೆರಡು ಎಂದು ಗಡಿಯಾರ ತಿದ್ದಿಕೊಳ್ಳುವ ರೂಢಿ ಇತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ, ಅಂದರೆ ಎರಡಕ್ಕೆ, ಹೋದೆ. ಅರವತ್ತು ಹುಡುಗರು ಎದ್ದು ನಿಂತರು. ಯಾರೂ ನಗಲಿಲ್ಲ. ಯಾರೂ ಗಾಜು ಕುಟ್ಟಿ ತೋರಿಸಲಿಲ್ಲ.

ಇನ್ನು ಅಲ್ಲಿಯವರು ಸಮಯಪಾಲನೆಯಲ್ಲಿ ಎತ್ತಿದ ಕೈ ಎಂದು ಹೇಳಿದರೆ ಸುಳ್ಳಾದೀತು. ತಾವೇ ತಮ್ಮನ್ನು ಹಾಸ್ಯ ಮಾಡಿಕೊಳ್ಳುತ್ತಾರೆ. ‘ಹಬೆಶಾ ಕೆತೆರೊ’ ಎಂಬ ಮಾತಿದೆ. ಕೆತೆರೊ ಎಂದರೆ ಗೊತ್ತು ಮಾಡಿಕೊಂಡ ಭೇಟಿ. ಹಬೆಶಾ ಎಂದರೆ ಅವರೇ. ನಾವು ‘ಇಂಡಿಯನ್ ಟೈಮ್’ ಎಂದು ನಗುತ್ತೇವಲ್ಲ, ಹಾಗೆ. ಹಬಶಿ ಎಂಬ ಶಬ್ದ ನಮಗೂ ಗೊತ್ತಿದ್ದದ್ದೇ. ಹಜರತ್ ಬಿಲಾಲರು ಹಬಶಿ, ಅಹಮದನಗರದ ಮಲಿಕ್ ಅಂಬರ್ ಹಬಶಿ. ನಮ್ಮ ಯಲ್ಲಾಪುರ, ಹಳಿಯಾಳ, ಖಾನಾಪುರಗಳ ಕಾಡಂಚಿನಲ್ಲಿರುವ ಸಿದ್ದಿ ಜನರ ಹಿರಿಯರೂ ಆಫ್ರಿಕದಿಂದಲೇ ಬಂದವರು.

ಹುಡುಗರು ಪಾಠಕ್ಕೆ ಇಪ್ಪತ್ತು ನಿಮಿಷ ತಡವಾಗಿ ಬರುವುದು ಸಾಮಾನ್ಯವಾಗಿತ್ತು. ಮೊದಲ ತಿಂಗಳು ಹತ್ತೂಹತ್ತರ ಸರ್ ಎಚ್ಚರಾದ, ಬಾಗಿಲು ಮುಚ್ಚಿದ. ಆದರೆ ರಜೆಯಲ್ಲಿ ಅವರೊಂದಿಗೆ ಅಡಿಸ್ ಅಬಾಬಾಕ್ಕೆ ಹೊರಟ ದಿನ ಒಂದು ಸೋಜಿಗ ಕಂಡೆ. ದೂರದ ಬಸ್ಸುಗಳು ನಸುಕಿನಲ್ಲಿ ಹೊರಡುತ್ತವೆ. ನನ್ನ ತರಗತಿಗೆ ದಿನಾಲು ತಡವಾಗಿ ಬರುವ ಅದೇ ಹುಡುಗರು ಬಸ್ಸಿಗೆ ಒಂದು ತಾಸು ಮುಂಚೆ ಬಂದು ಚಳಿಯಲ್ಲಿ ಶಾಲು ಹೊದ್ದು ನಿಂತಿದ್ದರು. ಬಸ್ಸು ಕಾಯುವುದಿಲ್ಲ, ಸರ್ ಕಾಯುತ್ತಾರೆ, ಇಷ್ಟೇ ಲೆಕ್ಕ. ಮತ್ತೆ, ಓಣಿಯಲ್ಲಿ ಸಾವಾದರೆ ನೋಡಬೇಕು. ‘ಇದ್ದಿರ್’ ಎಂಬ ನೆರೆಹೊರೆಯ ಸಂಘಗಳು ಅಲ್ಲಿವೆ. ತಿಂಗಳಿಗಿಷ್ಟು ಎಂದು ಹಣ ಕೂಡಿಸುತ್ತಾರೆ. ಯಾರ ಮನೆಯಲ್ಲಿ ಸಾವಾದರೂ ಡೇರೆ, ಪಾತ್ರೆ, ಊಟ ಎಲ್ಲ ಸಂಘದ್ದು. ಬಾರದ ಸದಸ್ಯನಿಗೆ ದಂಡ. ಅಲ್ಲಿ ‘ಹಬೆಶಾ ಕೆತೆರೊ’ ನಡೆಯುವುದಿಲ್ಲ.

ಕಾಫಿಯ ವಿಷಯ ಹೇಳದಿದ್ದರೆ ಆ ನಾಡಿಗೆ ಅನ್ಯಾಯ. ಕಾಫಿಯ ತವರು ಅದು. ಮನೆಗೆ ಹೋದರೆ ಹಸಿ ಬೀಜ ತೊಳೆದು, ನಿಮ್ಮೆದುರೇ ಹುರಿದು, ಕುಟ್ಟಿ, ಮಣ್ಣಿನ ಜೆಬೆನಾದಲ್ಲಿ ಕುದಿಸಿ ಕೊಡುತ್ತಾರೆ. ಒಂದು ಲೋಟದ ಮಾತಲ್ಲ, ಮೂರು ಸುತ್ತು. ಮೂರನೆಯದರ ಹೆಸರು ‘ಬರಕಾ’, ನಮ್ಮ ಬರಕತ್ ಶಬ್ದವೇ. ನಡುವೆ ಎದ್ದು ಹೋದರೆ ಬರಕತ್ ಬಿಟ್ಟು ಹೋದಂತೆ. ಎಲ್ಲ ಮುಗಿಯಲು ಒಂದೂವರೆ ತಾಸು ಬೇಕು. ಮೊದಲ ಸಲ ನಾನು ಒಂದೇ ಲೋಟ ಕುಡಿದು ವಾಚು ನೋಡಿಕೊಂಡು ಎದ್ದೆ. ಆ ಮನೆಯ ಅಜ್ಜಿ ನನ್ನ ಜೊತೆಗಾರನನ್ನು ಏನೋ ಕೇಳಿದಳು. ಏನೆಂದು ವಿಚಾರಿಸಿದರೆ, “ಇವರ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೆ?” ಎಂದಳಂತೆ. ಎದುರಿಗಿದ್ದ ಮನುಷ್ಯನಿಗಿಂತ ಗಡಿಯಾರ ದೊಡ್ಡದಾಗಲು ಅಂಥದೇ ಕಾರಣ ಇರಬೇಕೆಂದು ಅವಳ ಎಣಿಕೆ.

ಈಗ ನಮ್ಮ ಕಡೆಗೆ ಬರೋಣ. ‘ನಮ್ಮ ಜನಕ್ಕೆ ಟೈಮಿನ ಕಿಮ್ಮತ್ತೇ ಗೊತ್ತಿಲ್ಲ’ ಎಂದು ಇಂಥ ಸಭೆಗಳಲ್ಲಿ ಹೇಳುವುದುಂಟು. ನಾನು ಒಪ್ಪುವುದಿಲ್ಲ. ರಂಜಾನಿನ ಸಂಜೆ ನಮ್ಮ ದರ್ಬಾರ್ ಗಲ್ಲಿಯಲ್ಲಿ ನಿಂತು ನೋಡಿ. ಖರ್ಜೂರ ಕೈಯಲ್ಲಿ, ನೀರು ಮುಂದೆ, ಏಳು ವರ್ಷದ ಹುಡುಗ ಕೂಡ ಒಂದು ನಿಮಿಷ ಮುಂಚೆ ಬಾಯಿಗೆ ಇಡುವುದಿಲ್ಲ. ಬೆಂಗಳೂರು ನಮಗಿಂತ ಪೂರ್ವಕ್ಕಿದೆ, ಅಲ್ಲಿ ಸೂರ್ಯ ಕೆಲವು ನಿಮಿಷ ಮೊದಲೇ ಮುಳುಗುತ್ತಾನೆ, ಅಲ್ಲಿಯ ಅಜಾನ್ ಕೇಳಿ ಇಲ್ಲಿ ಇಫ್ತಾರ್ ಮಾಡಬಾರದು ಎಂಬುದು ಶಾಲೆ ಕಲಿಯದ ನನ್ನ ತಾಯಿಗೂ ಗೊತ್ತಿತ್ತು. ಮಸೀದಿಯ ಗೋಡೆಯ ವೇಳಾಪಟ್ಟಿಯನ್ನು ಎಂದಾದರೂ ಗಣಿತದ ಕಣ್ಣಿನಿಂದ ನೋಡಿದ್ದೀರಾ? ಭಾರತದ ಗಡಿಯಾರ ೮೨.೫ ಡಿಗ್ರಿ ರೇಖಾಂಶದ್ದು. ಬೆಳಗಾವಿ ಇರುವುದು ಸುಮಾರು ೭೪.೫ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಎಂಟು ಡಿಗ್ರಿಗೆ ಮೂವತ್ತೆರಡು ನಿಮಿಷ. ಅಂದರೆ ಗಡಿಯಾರ ಹನ್ನೆರಡು ಎಂದಾಗ ನಮ್ಮ ನೆತ್ತಿಯ ಮೇಲೆ ಸೂರ್ಯ ಇನ್ನೂ ಬಂದಿರುವುದಿಲ್ಲ. ಫೆಬ್ರುವರಿ ನಡುವೆ ಅವನು ಬರುವುದು ಹನ್ನೆರಡೂ ನಲವತ್ತಾರರ ಸುಮಾರಿಗೆ, ನವೆಂಬರ್ ಮೊದಲ ವಾರ ಹನ್ನೆರಡೂ ಹದಿನಾರಕ್ಕೆ. ಜೊಹರ್ ನಮಾಜಿನ ವೇಳೆ ವರ್ಷವಿಡೀ ಹೀಗೆ ಹಿಂದೆಮುಂದೆ ಸರಿಯುವುದನ್ನು ನಮ್ಮ ಮುಅಜ್ಜಿನ್ ಸಾಹೇಬರು ನಿಮಿಷ ತಪ್ಪದೆ ಪಾಲಿಸುತ್ತಾರೆ.

ಆದರೆ ಅದೇ ನಾವು ಮದುವೆಯ ಕಾರ್ಡಿನಲ್ಲಿ ‘ಬಾದ್ ನಮಾಜ್-ಎ-ಜೊಹರ್’ ಎಂದು ಅಚ್ಚು ಹಾಕಿಸುತ್ತೇವೆ. ಗಂಟೆ ಇಲ್ಲ, ನಿಮಿಷ ಇಲ್ಲ, ನಮಾಜಿನ ನಂತರ. ಖಾನಾಪುರದ ಹಳ್ಳಿಗಳಲ್ಲಿ ‘ದನಾ ಬಿಡೂ ಹೊತ್ತಿಗೆ ಬರ್ತೇನ್ರಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಹರಾರಿನ ಅಜ್ಜಿಗೂ ತಿಳಿಯುತ್ತಿತ್ತು. ಗಡಿಯಾರ ಬರುವ ಮುಂಚೆಯೂ ನಾವು ಹೊತ್ತು ಅಳೆಯುತ್ತಿದ್ದೆವು. ಗಳಿಗೆ ಎಂದರೆ ಇಪ್ಪತ್ತನಾಲ್ಕು ನಿಮಿಷ. ತಳದಲ್ಲಿ ತೂತಿದ್ದ ಬಟ್ಟಲು ನೀರಿನ ಮೇಲೆ ತೇಲಿ, ತುಂಬಿ, ಮುಳುಗುವ ಅವಧಿ. ನಾವು ಉತ್ತರ ಕರ್ನಾಟಕದವರು ಬಳಸುವ ‘ತಾಸು’ ಕೂಡ ತಾಸ್ ಅನ್ನುವ ಬಟ್ಟಲಿನಿಂದಲೇ ಬಂದ ಮಾತು ಎಂದು ಬಲ್ಲವರು ಹೇಳುತ್ತಾರೆ. ಎಲ್ಲರಿಗೂ ಒಂದೇ ಗಡಿಯಾರ ಎಂಬುದು ಬಹಳ ಈಚಿನದು. ೧೯೦೬ರ ಜನವರಿ ೧ರಂದು ಭಾರತಕ್ಕೆಲ್ಲ ಒಂದು ಸಮಯ ಬಂತು; ಅದಕ್ಕೂ ಮುಂಚೆ ರೈಲು ಓಡುತ್ತಿದ್ದುದು ಮದ್ರಾಸ್ ಟೈಮಿಗೆ. ಮೂವತ್ತೊಂಬತ್ತು ನಿಮಿಷ ಹಿಂದಿದ್ದ ತನ್ನ ‘ಬಾಂಬೆ ಟೈಮ್’ ಅನ್ನು ಮುಂಬಯಿ ನಗರ ೧೯೫೫ರವರೆಗೂ ಹಟ ಹಿಡಿದು ಇಟ್ಟುಕೊಂಡಿತ್ತು.

ಜಪಾನಿನಲ್ಲಿ ೨೦೧೭ರ ನವೆಂಬರಿನಲ್ಲಿ ಒಂದು ರೈಲು ಇಪ್ಪತ್ತು ಸೆಕೆಂಡು ಬೇಗ ಹೊರಟಿತೆಂದು ಕಂಪನಿ ಕ್ಷಮೆ ಕೇಳಿತು. ಪೆರು ದೇಶದಲ್ಲಿ ೨೦೦೭ರ ಮಾರ್ಚ್ ೧ರಂದು ನಡುಮಧ್ಯಾಹ್ನ ಸೈರನ್ ಊದಿ, ಗಡಿಯಾರ ಸರಿಮಾಡಿಕೊಳ್ಳಿರೆಂದು ಸರಕಾರವೇ ಅಭಿಯಾನ ಹೂಡಿತು. ಹೀಗೆ ಒಂದೊಂದು ದೇಶ ಒಂದೊಂದು ಬಗೆ. ಆದರೆ ನನಗೆ ಕಂಡ ಮುಖ್ಯ ಪ್ರಶ್ನೆ, ಯಾರು ಯಾರಿಗಾಗಿ ಕಾಯುತ್ತಾರೆ ಎಂಬುದು. ಮುಖ್ಯ ಅತಿಥಿಗಾಗಿ ಮಕ್ಕಳು ಬಿಸಿಲಲ್ಲಿ ಎರಡು ತಾಸು ಕಾಯುತ್ತಾರೆ, ಅದನ್ನು ನಾವು ತಡ ಎನ್ನುವುದಿಲ್ಲ, ‘ಆಗಮನ’ ಎನ್ನುತ್ತೇವೆ. ಕೂಲಿಯವನು ಹತ್ತು ನಿಮಿಷ ತಡವಾದರೆ ಅರ್ಧ ದಿನದ ಪಗಾರ ಹೋಗುತ್ತದೆ. ಇಥಿಯೋಪಿಯದಲ್ಲೂ ಇದೇ ಕಂಡೆ, ಬೆಳಗಾವಿಯ ಕಚೇರಿಗಳ ಮುಂದೆಯೂ ಇದೇ ಕಂಡೆ.

ನಿಮ್ಮಲ್ಲಿ ಅನೇಕರು ಹೊರದೇಶಕ್ಕೆ ಹೋಗುವವರಿದ್ದೀರಿ. ಪೆಟ್ಟು ತಿಂದವನು ಹೇಳುವ ನಾಲ್ಕು ಮಾತು ಕೇಳಿಕೊಳ್ಳಿ. ದುಬೈ, ಮಸ್ಕತ್ ನಮಗಿಂತ ಒಂದೂವರೆ ತಾಸು ಹಿಂದೆ. ಸೌದಿ, ಕತಾರ್, ಕುವೈತ್ ಎರಡೂವರೆ ತಾಸು. ಯುರೋಪ್, ಅಮೆರಿಕಗಳಲ್ಲಿ ವರ್ಷಕ್ಕೆರಡು ಸಲ ಗಡಿಯಾರವನ್ನೇ ತಿರುಗಿಸುತ್ತಾರೆ. ಫೋನಿನಲ್ಲಿ ಸಂದರ್ಶನ ಗೊತ್ತಾದರೆ ‘ಯಾರ ಗಡಿಯಾರ?’ ಎಂದು ನಾಚಿಕೆ ಇಲ್ಲದೆ ಕೇಳಿ. ರಜೆಯೂ ಒಂದೇ ಅಲ್ಲ. ಸೌದಿಯಲ್ಲಿ ಗುರುವಾರ–ಶುಕ್ರವಾರ ಇದ್ದ ವಾರದ ರಜೆ ೨೦೧೩ರಲ್ಲಿ ಶುಕ್ರವಾರ–ಶನಿವಾರ ಆಯಿತು, ಯು.ಎ.ಇ.ಯ ಸರಕಾರಿ ಕಚೇರಿಗಳು ೨೦೨೨ರ ಜನವರಿಯಿಂದ ಶನಿವಾರ–ಭಾನುವಾರಕ್ಕೆ ಬದಲಾಗಿ ಶುಕ್ರವಾರ ಅರ್ಧ ದಿನ ನಡೆಯುತ್ತಿವೆ. ಹೋದ ಊರಿನಲ್ಲಿ ಯಾವುದಕ್ಕೆ ಜನ ನಿಮಿಷ ತಪ್ಪುವುದಿಲ್ಲ, ಯಾವುದಕ್ಕೆ ತಾಸು ತಪ್ಪಿದರೂ ಸಿಟ್ಟಾಗುವುದಿಲ್ಲ ಎಂಬುದನ್ನು ಮೊದಲ ತಿಂಗಳಲ್ಲೇ ಕಂಡುಕೊಳ್ಳಿ. ಮತ್ತೆ, ಇದನ್ನೆಲ್ಲ ಕೇಳಿ ನಾಳೆಯಿಂದ ತಡವಾಗಿ ಬರಬಹುದೆಂದು ಯಾರೂ ತಿಳಿಯಬೇಡಿ. ಪರೀಕ್ಷೆಯ ಕೋಣೆಗೆ ಹಬೆಶಾ ಕೆತೆರೊ ಗೊತ್ತಿಲ್ಲ. ನಾನು ಇವತ್ತಿಗೂ ಹತ್ತು ನಿಮಿಷ ಮುಂಚೆಯೇ ಹೋಗುವವನು.

ಈಗ ಗೇಟಿನ ವಿಷಯ.

೧೯೯೪ರ ಮಳೆಗಾಲ. ಖಾನಾಪುರದ ಮಳೆ ಬೆಳಗಾವಿಯವರಿಗೆ ಗೊತ್ತು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆ ಅದು. ಜುಲೈಯಲ್ಲಿ ಆಕಾಶ ಕಾಣುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಲೋಂಡಾ ಕಡೆಯ ಕಾಡಿನ ವಸತಿಯೊಂದರಿಂದ ಬರುವ ಸಿದ್ದಿ ಹುಡುಗನಿದ್ದ. ಗಣಿತದಲ್ಲಿ ಚುರುಕು, ಬೀಜಗಣಿತದ ಲೆಕ್ಕವನ್ನು ನನಗಿಂತ ಚಿಕ್ಕ ದಾರಿಯಲ್ಲಿ ಬಿಡಿಸಿ ನಗುತ್ತಿದ್ದ. ಆ ವಾರ ಮೂರು ದಿನ ಸತತವಾಗಿ ಹನ್ನೊಂದಕ್ಕೆ ಬಂದ. ಮೂರು ದಿನವೂ ಗೇಟಿನ ಹೊರಗೆ, ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ನಿಂತ. ಮೂರು ದಿನವೂ ನಾನು ವಾಚಿನ ಗಾಜು ಕುಟ್ಟಿ “ಯಾಕ ತಡಾ?” ಎಂದೆ. ಅವನು ಮಾತಾಡಲಿಲ್ಲ. ಅದು ಪ್ರಶ್ನೆಯಾಗಿರಲಿಲ್ಲ, ಬೈಗುಳವಾಗಿತ್ತು. ಹುಡುಗರಿಗೆ ಆ ವ್ಯತ್ಯಾಸ ತಿಳಿಯುತ್ತದೆ. ನಾಲ್ಕನೇ ದಿನ ಅವನು ಬರಲಿಲ್ಲ. ಆ ವರ್ಷ ಮತ್ತೆ ಬರಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಎಳೆದವನೂ ನಾನೇ.

ಹರಾರಿನಲ್ಲಿ ಆ ತೆಳ್ಳನೆಯ ಹುಡುಗ ಬಾಗಿಲಲ್ಲಿ ಬಂದು ತಲೆ ತಗ್ಗಿಸಿದಾಗ ನನಗೆ ನೆನಪಾದದ್ದು ಇವನ ಮುಖ.

೨೦೧೧ರಲ್ಲಿ ಮರಳಿ ಬಂದ ಮೇಲೆ ವಿಚಾರಿಸಿದೆ. ಅವನು ಅದೇ ವಸತಿಯಲ್ಲಿದ್ದಾನೆ, ಗುತ್ತಿಗೆದಾರನೊಬ್ಬನ ಹತ್ತಿರ ಕೂಲಿ ಎಂದು ತಿಳಿಯಿತು. ಒಬ್ಬರ ಮುಖಾಂತರ ಹೇಳಿ ಕಳಿಸಿದೆ: ಇಂಥ ದಿನ ಒಂಬತ್ತು ಗಂಟೆಗೆ ಬರುತ್ತೇನೆ. ಅದೂ ಮಳೆಗಾಲವೇ. ಬೆಳಗಾವಿಯಿಂದ ಹೊರಟ ಬಸ್ಸು ಖಾನಾಪುರದಲ್ಲೇ ಅರ್ಧ ತಾಸು ನಿಂತಿತು. ಮುಂದೆ ದಾರಿಗೆ ಮರ ಬಿದ್ದಿತ್ತು. ಇಳಿದು ಕೆಸರಲ್ಲಿ ನಡೆದು ಹೋಗಿ ಮುಟ್ಟಿದಾಗ ಹನ್ನೊಂದೂವರೆ. ಅವನ ತಾಯಿ ಬಾಗಿಲಲ್ಲಿದ್ದಳು. “ಹನ್ನೊಂದರ ತನಾ ಕಾದಾನ್ರಿ. ಮುಕಾದಮ ಕಾಯಂಗಿಲ್ಲಲ್ರಿ, ಹೋದಾ” ಎಂದಳು. ಚಾಪೆ ಹಾಸಿ ಕರಿ ಚಹಾ ಕೊಟ್ಟಳು. ಯಾಕೆ ತಡವಾಯಿತೆಂದು ಆಕೆ ಕೇಳಲಿಲ್ಲ. ನನ್ನ ಕೆಸರಾದ ಪ್ಯಾಂಟು ನೋಡಿ ಕಾಲು ತೊಳೆಯಲು ಬಿಸಿನೀರು ತಂದಳು.

ಮುಂದಿನ ವಾರ, ಅವನಿಗೆ ರಜೆ ಇದ್ದ ದಿನ, ಹಿಂದಿನ ರಾತ್ರಿಯೇ ಹೋಗಿ ಲೋಂಡಾದಲ್ಲಿ ಉಳಿದು ಬೆಳಿಗ್ಗೆ ಅವನ ಮನೆಗೆ ಹೋದೆ. ಮೂವತ್ತು ದಾಟಿದ ಗಟ್ಟಿ ಆಳು. ಮಗಳು ಮೂರನೇ ಇಯತ್ತೆ ಎಂದ. ಬಹಳ ಹೊತ್ತು ಮಳೆಯ ಬಗ್ಗೆ, ಕೂಲಿಯ ಬಗ್ಗೆ ಮಾತಾಡಿದೆವು. ಕೊನೆಗೆ ಕೇಳಿದೆ, ಹದಿನೇಳು ವರ್ಷದ ಹಿಂದಿನ ಆ ಮೂರು ದಿನ ಯಾಕೆ ತಡವಾಗುತ್ತಿತ್ತು ಎಂದು. ಈ ಸಲ ನಿಜವಾಗಿ ಕೇಳಿದೆ.

“ಹಳ್ಳಾ ಇಳೀಬೇಕಿತ್ರಿ ಸರ. ನೀರು ಇಳದ ಮ್ಯಾಲೇ ದಾಟಾಕ ಬರ್ತಿತ್ತು. ನಾ ನಸುಕಿನ್ಯಾಗ ಐದಕ್ಕ ಬಂದು ದಂಡೀ ಮ್ಯಾಲ ಕುಂದರತಿದ್ದೆ.”

ಐದಕ್ಕೆ. ನಾನು ಏನೂ ಹೇಳಲಾಗಲಿಲ್ಲ. ಅವನೇ ಸುಮ್ಮನೆ ನನ್ನ ಕೈ ನೋಡುತ್ತಿದ್ದ.

“ಅದ ವಾಚೇನ್ರಿ ಸರ?” ಎಂದ.

ಅದೇ ಎಂದೆ. ಬಿಚ್ಚಿ ಅವನ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದ, ಕಿವಿಗೆ ಹಿಡಿದು ಕೇಳಿದ, ಮಗಳ ಕಿವಿಗೂ ಹಿಡಿದ. ಆಮೇಲೆ ಕೀಲಿ ಕೊಟ್ಟು ನನಗೆ ಹಿಂದಿರುಗಿಸಿದ.